ದೋಣಿಗೊಂದು ತೊಟ್ಟಿ

ದೇವರನ್ನು ಕಂಡೆ ಎಂದವನನ್ನು ನಂಬುವ ಜನ, ಮೀನು ಹಿಡಿದೆ ಎಂದವನನ್ನು ನಂಬುವುದಿಲ್ಲ. ಗಾಳ ಹಿಡಿದವನೆಲ್ಲ ಸುಳ್ಳುಗಾರ ಎಂದು ಲೋಕ ಎಂದೋ ತೀರ್ಮಾನಿಸಿಬಿಟ್ಟಿದೆ. ಲೋಕದ ಮಾತಿಗೆ ನಾನು ಸೊಪ್ಪು ಹಾಕುವವನಲ್ಲ. ಆದರೆ ಆ ಲೋಕ ನಮ್ಮ ಗಂಗಾನಗರದ ಮನೆಯ ಅಡುಗೆಕೋಣೆಯಲ್ಲೇ ಬಂದು ಕೂತರೆ ಏನು ಮಾಡುವುದು? ಎಪ್ಪತ್ತರ ದಶಕದ ಕೊನೆಯಲ್ಲಿ ಅದು ನಮ್ಮ ಅತ್ತೆಯವರ ರೂಪದಲ್ಲಿ ಬಂದು ಕೂತಿತ್ತು.

ಅತ್ತೆ ಸಿಂಗಾಪುರದವರು. ವಿಮಾನ ಹತ್ತಿ ಹೋಗುವ ಸಿಂಗಾಪುರವಲ್ಲ, ಯಲಹಂಕದ ಈಚೆಗಿನ ಹಳ್ಳಿ. ಹಳೆಯ ಕಾಲದವರು, ಅಳಿಯನ ಎದುರು ನಿಂತು ಮಾತಾಡುತ್ತಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು, ಮಗಳಿಗೆ ಹೇಳುವಂತೆ ನನಗೆ ಹೇಳುತ್ತಿದ್ದರು. ಇದನ್ನು ಮರ್ಯಾದೆ ಎನ್ನುತ್ತಾರೆ. ಮರ್ಯಾದೆ ತೆಗೆಯಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ. ಭಾನುವಾರ ಬೆಳಗಿನಿಂದ ಹೆಬ್ಬಾಳ ಕೆರೆಯಲ್ಲಿ ನನ್ನ ಪುಟ್ಟ ದೋಣಿಯೊಳಗೆ ಕೂತು ಬಿಸಿಲಿಗೆ ಒಣಗಿ, ಒದ್ದೆ ಗೋಣಿಚೀಲದಲ್ಲಿ ಮೀನು ತಂದಿಟ್ಟರೆ, ಅತ್ತೆ ಕಿವಿರು ಬಿಡಿಸಿ ನೋಡುತ್ತಿದ್ದರು.

"ನೋಡಮ್ಮ ಜಯಾ, ಕಿವಿರು ಇಂಗೆ ಕಪ್ಪಾಗಿದ್ರೆ ಅದು ಮಾರ್ಕೆಟ್ ಮೀನು ಕಣಮ್ಮ. ನಿನ್ ಗಂಡ ಕೆರೆ ಅಂತ ಏಳ್ಬುಟ್ಟು ಎಲ್ಲಿಗೋಯ್ತಾರೋ, ಒಸಿ ವಿಚಾರಿಸು."

ಕೊನೆಯ ಮಾತು ಮೀನಿನ ಬಗ್ಗೆ ಅಲ್ಲ ಎಂದು ನನ್ನ ಹೆಂಡತಿಗೆ ತಕ್ಷಣ ಅರ್ಥವಾಯಿತು. ಆಮೇಲಿನ ಭಾನುವಾರಗಳಲ್ಲಿ ಅವಳು ನನ್ನ ಅಂಗಿ ಮೂಸತೊಡಗಿದಳು. ಮೀನಿನ ವಾಸನೆ ಬಂದರೆ "ಮೀನಿನಂಗಡಿಗೆ ಹೋದರೂ ಹೀಗೇ ಬರುತ್ತೆ" ಎನ್ನುವಳು. ನನ್ನ ಮಾನ ಉಳಿಯಬೇಕಾದರೆ ಒಂದೇ ದಾರಿ. ಅತ್ತೆಯನ್ನು ಕೆರೆ ಏರಿಯ ಮೇಲೆ ನಿಲ್ಲಿಸಿ, ದೋಣಿಯಿಂದ ಪಟಪಟ ಒದ್ದಾಡುವ ಮೀನನ್ನು ಎತ್ತಿ ತೋರಿಸಬೇಕು.

ಉಪಾಯ ಹೇಳಿದವನು ಯಶವಂತಪುರದ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನ ಈರಣ್ಣ. ಗದಗ ಕಡೆಯವ. ಮೀನು ತಿನ್ನುವುದಿರಲಿ, ಅದರ ವಾಸನೆಗೇ ಮೂಗಿಗೆ ಕರವಸ್ತ್ರ ಹಿಡಿಯುವವ. ಮೀನಿನ ವಿಷಯದಲ್ಲಿ ಸಲಹೆ ಕೊಡಲು ಇಷ್ಟು ಯೋಗ್ಯತೆ ಸಾಕೆಂದು ಅವನು ತಿಳಿದಿದ್ದ.

"ದೋಣಿ ನಡುವ ಹಲಗಿ ಹೊಡದು ಒಂದು ತೊಟ್ಟಿ ಮಾಡೂಣ್ರಿ. ತೊಟ್ಟಿ ತಳಕ್ಕ ತೂತು ಹಾಕಿದ್ರ ಕೆರಿ ನೀರು ತಾನ ಒಳಗ ಬರ್ತೈತಿ, ಹೋಗ್ತೈತಿ. ಕೆರಿ ಬಿಟ್ಟು ಬಂದೇನಿ ಅಂತ ಮೀನಿಗೆ ಗೊತ್ತಾಗೂದಿಲ್ಲ" ಎಂದ.

ದೋಣಿಗೆ ತೂತು ಹಾಕುವ ಬುದ್ಧಿವಂತನನ್ನು ನಾನು ಕಂಡದ್ದು ಅವತ್ತೇ ಮೊದಲು. ಕ್ಯಾಂಟೀನಿನಲ್ಲಿ ನಾಲ್ಕು ಜನರ ಎದುರು, "ನಿಮ್ಮೂರಲ್ಲಿ ಕುಡಿಯೋಕೇ ನೀರಿಲ್ಲ, ದೋಣಿ ಮುಳುಗೋದು ನಿಮಗೇನ್ ಗೊತ್ತು ಗುರು?" ಎಂದು ಸರಿಯಾಗಿ ಆಡಿಕೊಂಡೆ. ಅವನು ನಕ್ಕು, ಮುಂದಿನ ಭಾನುವಾರ ಕೊರೆಯುವ ಯಂತ್ರ ಹಿಡಿದೇ ಬಂದ. ಹಲಗೆಯ ಸಂದುಗಳಿಗೆ ಟಾರು ಮೆತ್ತಿದ, ತೂತು ಹಾಕಿದ. ನೀರು ತೊಟ್ಟಿಯೊಳಗೆ ಬಂದು ಕೆರೆಯ ಮಟ್ಟಕ್ಕೆ ಸಮನಾಗಿ ನಿಂತಿತು. ದೋಣಿ ಮುಳುಗಲಿಲ್ಲ. ನನಗೆ ಸ್ವಲ್ಪ ಬೇಸರವೇ ಆಯಿತು.

ಆದರೆ ಅವತ್ತು ತೊಟ್ಟಿಗೆ ಬಿಟ್ಟ ಕೊರಮೀನು ಛಂಗನೆ ಹಾರಿ ಕೆರೆ ಸೇರಿತು. ಈರಣ್ಣ, "ಮ್ಯಾಲೊಂದು ಮುಚ್ಚಳ ಮಾಡೂಣ್ರಿ" ಎಂದ. ಮುಚ್ಚಳವಂತೆ! ಇದೇನು ಸಾರಿನ ಪಾತ್ರೆಯೇ? ಈ ಮಂದಬುದ್ಧಿಯವರ ನಡುವೆ ನನ್ನ ತಲೆಯನ್ನೇ ಓಡಿಸಬೇಕಾಯಿತು. ಹಾರಬೇಕಾದರೆ ಮೀನು ನೀರಿನ ಮೇಲಕ್ಕೆ ಬರಬೇಕು ತಾನೆ? ಬರಲು ಬಿಟ್ಟರೆ ತಾನೆ? ನೀರಿನ ಮಟ್ಟದಿಂದ ನಾಲ್ಕು ಬೆರಳು ಕೆಳಗೆ ತಂತಿ ಜಾಲರಿ ಕೂರಿಸಿ, ಮೀನು ಬಿಡಲು ಅದರಲ್ಲೊಂದು ಪುಟ್ಟ ಬಾಗಿಲಿಟ್ಟು, ಸುತ್ತ ಮೊಳೆ ಹೊಡೆದೆ. ಆ ಕೆಲಸ ನೋಡಿ ನನಗೇ ನನ್ನ ಮೇಲೆ ಗೌರವ ಹುಟ್ಟಿತು.

ಮುಂದಿನ ಭಾನುವಾರ ನನ್ನ ಅದೃಷ್ಟ ತೆರೆದಿತ್ತು. ಬೆಳಗ್ಗೆಯೇ ತೋಳುದ್ದದ ಕೊರಮೀನುಗಳು ಬಿದ್ದವು. ಎಲ್ಲವನ್ನೂ ಜಾಲರಿಯ ಕೆಳಗೆ ಬಿಟ್ಟು ಬಾಗಿಲು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಏರಿಯ ಮೇಲೆ ಕೊಡೆ ಹಿಡಿದು ಜಯ ನಿಂತಿದ್ದಳು, ಅವಳ ಹಿಂದೆ ಮುಖ ತಿರುಗಿಸಿಕೊಂಡು ಅತ್ತೆ, ಆಚೆಗೆ ಮೂಗಿಗೆ ಕರವಸ್ತ್ರ ಹಿಡಿದು ಈರಣ್ಣ. ದೋಣಿಯನ್ನು ದಡಕ್ಕೆ ತಂದು, "ಈಗ ನೋಡಿ!" ಎಂದು ಜಾಲರಿ ಕಿತ್ತೆ.

ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ತೇಲಿ ಬಂದವು. ಒಂದೂ ಅಲುಗಲಿಲ್ಲ.

ಅತ್ತೆ ಸೆರಗು ಸಿಕ್ಕಿಸಿಕೊಂಡು ಏರಿ ಇಳಿದರು. ಮದುವೆಯಾದ ಮೇಲೆ ಮೊದಲ ಸಲ ನನ್ನ ಎದುರು ನಿಂತು, ನನ್ನ ಮುಖವನ್ನೇ ನೋಡಿದರು.

"ಕೊರಮೀನು ಗಳಿಗೆಗೊಂದು ಸಲ ಮೇಲೆ ಬಂದು ಉಸಿರು ತಕ್ಕಂಡು ಓಯ್ತದೆ ಅಳಿಯಂದ್ರೆ. ನೀರಲ್ಲೇ ಅದುಮಿಟ್ಟು ಉಸಿರು ಕಟ್ಟಿಸ್ಬುಟ್ರಲ್ಲ! ಮೀನ್ನ ನೀರಲ್ಲಿ ಮುಳುಗ್ಸಿ ಸಾಯ್ಸಿದೋರ್ನ ನಾನು ಕಂಡೇ ಇರ್ಲಿಲ್ಲ ಕಣಪ್ಪ."

ಈರಣ್ಣ ಮೂಗಿನ ಕರವಸ್ತ್ರವನ್ನು ಬಾಯಿಗೆ ಇಳಿಸಿಕೊಂಡ. ಅತ್ತೆ ಮಗಳ ಕಡೆ ತಿರುಗಿದರು.

"ಇನ್ಮೇಲೆ ಅನುಮಾನ ಪಡ್ಬೇಡ ಕಣಮ್ಮ. ಇದು ಕೊಂಡ್ಕಂಡ್ ಬಂದಿರೋ ಮೀನಲ್ಲ. ಮೀನು ಮಾರೋನು ಯಾವನೂ ಇಂಗೆ ಮಾಡಾಕಿಲ್ಲ. ಇದು ನಿನ್ ಗಂಡಂದೇ ಕೆಲ್ಸ."

ಹೀಗೆ ನನ್ನ ಮಾನ ಉಳಿಯಿತು. ಅಂದಿನಿಂದ ನನ್ನ ಅಂಗಿಯನ್ನು ಯಾರೂ ಮೂಸಲಿಲ್ಲ. ಆದರೆ ಒಮ್ಮೆ ಮುರಿದ ಸಂಪ್ರದಾಯ ಮತ್ತೆ ಕೂಡಿಕೊಳ್ಳಲಿಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ ಅತ್ತೆ ಎದುರಿಗೇ ಬಂದು ಹೇಳುತ್ತಾರೆ. ಈಗ ಬಾಗಿಲ ಮರೆ ಹುಡುಕುವವನು ನಾನು.