ಅಳಿಯನ ಗಂಟಲು ಕಟ್ಟಿದ ದಿನ

ಎಲ್ಲದಕ್ಕೂ ಕಾರಣ ಒಂದು ಕ್ಲಾರಿನೆಟ್ಟು. ನಿವೃತ್ತಿಯಾದ ಮರುವಾರವೇ ಮಾವನವರು ಅದನ್ನು ಕೊಂಡು ತಂದಿದ್ದರು. ಅಂದಿನಿಂದ ಬೆಳಗಿನ ಐದಕ್ಕೆ ಸರಿಯಾಗಿ ಮೂರನೇ ಮಹಡಿಯಲ್ಲಿ ಅದು ನರಳುವುದು, ಅದರ ನೇರ ಕೆಳಗೆ ಎರಡನೇ ಮಹಡಿಯಲ್ಲಿ ಅಳಿಯ ಎದ್ದು ಕೂರುವುದು.

ಅಳಿಯ ಡ್ರೈವಿಂಗ್ ಶಾಲೆಯಲ್ಲಿ ಮೇಷ್ಟ್ರು. ಸ್ಟೀರಿಂಗ್ ಮುಟ್ಟಿ ಗೊತ್ತಿಲ್ಲದವರ ಕೈಗೆ ಜೀವ ಕೊಟ್ಟು ಪಕ್ಕದಲ್ಲಿ ಕೂರುವವನಿಗೆ ನಿದ್ದೆಯಾದರೂ ಬೇಡವೇ? ಆದರೆ ಹೇಳುವುದು ಹೇಗೆ? ಮಾವನವರು ತಮ್ಮ ಹಳೇ ಕಾರನ್ನು ಅವನ ಹೆಸರಿಗೆ ಬರೆದುಕೊಡಲು ಒಪ್ಪಿದ್ದರು. ಅದು ಬಂದರೆ ಸ್ವಂತ ಶಾಲೆ ತೆರೆಯಬಹುದು. ಹೆಂಡತಿಯೋ, ಅಪ್ಪ ಊದಿದರೆ ಕಣ್ಮುಚ್ಚಿ ತಲೆದೂಗುವವಳು.

ಹಾಗಾಗಿ ಅವನು ಒಂದು ಸಂಜೆ ಜೆರಾಕ್ಸ್ ಅಂಗಡಿಯ ಫೋನಿನಿಂದ ಮಾವನ ಮನೆಗೆ ಕರೆ ಮಾಡಿದ. ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು, "ಸ್ವಾಮೀ, ಆ ಕೊಳವೆ ಊದೋದು ನಿಲ್ಸಿ. ಕಟ್ಟಡದಲ್ಲಿ ಮನುಷ್ಯರಿದಾರೆ" ಎಂದು ಹೇಳಿ ಇಟ್ಟುಬಿಟ್ಟ. ಆ ಕಡೆ ಕೇಳಿಸಿಕೊಂಡದ್ದು ಮನುಷ್ಯರಲ್ಲ, ಫೋನಿನ ಮಾತು ಹಿಡಿದಿಡುವ ಯಂತ್ರ ಎಂದು ಗೊತ್ತಾದದ್ದು ಮರುದಿನ ಬೆಳಿಗ್ಗೆ, ಮೆಟ್ಟಿಲ ಬಳಿಯ ನೋಟೀಸು ಓದಿದಾಗ. ಸಂಜೆ ಆರಕ್ಕೆ ಎಲ್ಲರೂ ತಾರಸಿಗೆ ಬರಬೇಕು. ಒಂದು ದನಿ ಕೇಳಿಸಲಾಗುವುದು. ಗುರುತು ಹಿಡಿಯಲು ಮೊದಲನೇ ಮಹಡಿಯ ಅಕ್ಕ ಒಪ್ಪಿದ್ದಾರೆ.

ಆ ಅಕ್ಕ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು. ಹಲೋ ಅಂದರೆ ಸಾಕು, ಅಂದವರು ಯಾರು, ಯಾರ ಮೇಲೆ ಸಿಟ್ಟಾಗಿದ್ದಾರೆ ಎಲ್ಲ ಹೇಳುತ್ತಿದ್ದರು. ದನಿಯನ್ನು ದಪ್ಪ ಮಾಡಬಹುದು, ಸಣ್ಣ ಮಾಡಬಹುದು, ಆದರೆ ಒಬ್ಬೊಬ್ಬರ ಗಂಟಲು, ಮೂಗು, ಹಲ್ಲಿನ ಅಳತೆ ಒಂದೊಂದು, ಅದನ್ನು ಬಚ್ಚಿಡೋಕಾಗಲ್ಲ ಎಂದು ಅವರು ಬೆಳಿಗ್ಗೆಯೇ ಮೆಟ್ಟಿಲಲ್ಲಿ ಸಿಕ್ಕಿದವರಿಗೆಲ್ಲ ವಿವರಿಸುತ್ತಿದ್ದರು.

ಅಳಿಯ ಅಲ್ಲಿಂದಲೇ ಮನೆಗೆ ವಾಪಸಾಗಿ, ಗಂಟಲು ಪೂರ್ತಿ ಕಟ್ಟಿದೆ ಎಂದು ಚೀಟಿ ಬರೆದು ಹೆಂಡತಿಯ ಕೈಗಿಟ್ಟ. ಅವಳು ಕುತ್ತಿಗೆಗೆ ಮಫ್ಲರ್ ಸುತ್ತಿ ಉಪ್ಪುನೀರು ಮುಕ್ಕಳಿಸಲು ಕೊಟ್ಟಳು. ಸುದ್ದಿ ಮೇಲಕ್ಕೇರಿತು. ಮಾವನವರೇ ಕುದಿಯುವ ನೀರಿನ ಪಾತ್ರೆ ಹಿಡಿದು ಬಂದು, ಅಳಿಯನ ತಲೆಗೆ ಟವೆಲ್ ಹೊದಿಸಿ, ಹಬೆ ತೆಗೆದುಕೊಳ್ಳುವಷ್ಟು ಹೊತ್ತೂ ಬೆನ್ನು ನೀವುತ್ತಾ ಕೂತರು. ಟವೆಲಿನೊಳಗೆ ಅವನು ಬೆವರಿದ್ದು ಹಬೆಗಿಂತ ನಾಚಿಕೆಗೆ.

ಅವತ್ತು ಕಲಿಯಲು ಬಂದವರು ಹಲ್ಲಿನ ಡಾಕ್ಟರಮ್ಮ. ಮೇಷ್ಟ್ರಿಗೆ ದನಿ ಇಲ್ಲ ಎಂದರೆ ಬಿಡುತ್ತಾರೆಯೇ? ಕೆಂಪು ದೀಪ ಬಿದ್ದಲ್ಲೆಲ್ಲ ಬಾಯಿ ತೆಗೆಸಿ ಒಳಗೆ ಟಾರ್ಚು ಬಿಟ್ಟರು. ಹಸಿರು ಬಿತ್ತು, ಹಿಂದಿನವರು ಹಾರ್ನ್ ಹೊಡೆದರು. ಎಡಕ್ಕೆ ತಿರುಗಿಸಿ ಎಂದು ಅವನು ಕೈ ತೋರಿದರೆ, ನೋವು ಎಡಗಡೆಯೋ ಎಂದು ಕೇಳುತ್ತಾ ಅವರು ನೆಟ್ಟಗೆ ಅಗ್ನಿಶಾಮಕ ಠಾಣೆಯ ಅಂಗಳಕ್ಕೆ ನುಗ್ಗಿದರು. ಅವನು ತನ್ನ ಕಡೆಯ ಬ್ರೇಕ್ ತುಳಿದಾಗ ಕೆಂಪು ವಾಹನಕ್ಕೂ ಇವರಿಗೂ ಇದ್ದದ್ದು ಒಂದು ಗೇಣು. ಹೆಲ್ಮೆಟ್ ಹಾಕಿದ ಆರು ಜನ ಸುತ್ತುಗಟ್ಟಿ ಏನು ಕತೆ ಎಂದರೂ ಅವನು ಬಾಯಿ ಬಿಡಲಿಲ್ಲ. ಹೋಗುವಾಗ ಡಾಕ್ಟರಮ್ಮ, ನಿಮ್ಮ ಗಂಟಲು ಕನ್ನಡಿ ಹಾಗಿದೆ, ತೊಂದರೆ ಇನ್ನೆಲ್ಲೋ ಇದೆ ಅಂದರು.

ಸಂಜೆ ತಾರಸಿ ತುಂಬಿತ್ತು. ಮೊದಲು ಎಲ್ಲರ ದನಿಯನ್ನೂ ಕಿವಿಗೆ ತುಂಬಿಕೊಳ್ಳುತ್ತೇನೆ, ಆಮೇಲೆ ಯಂತ್ರ ಹಾಕಿ ಎಂದು ಅಕ್ಕ ಕಣ್ಮುಚ್ಚಿ ಕೂತರು. ಗಂಡಸರೆಲ್ಲ ಒಬ್ಬೊಬ್ಬರಾಗಿ ಮಾತಾಡಿದರು. ಅಳಿಯನ ಸರದಿ ಬಂದಾಗ ಮಾವನವರೇ ಅಡ್ಡ ಬಂದು, ಪಾಪ, ಅವರನ್ನ ಬಿಡಿ, ಬೆಳಗಿನಿಂದ ನರಳ್ತಿದಾರೆ ಅಂದರು.

ಯಂತ್ರ ಶುರುವಾಯಿತು. ಬಂದದ್ದು ತೆಳ್ಳನೆಯ, ಮೂಗಿನಲ್ಲೇ ಸುತ್ತಾಡುವ, ಬಾಗಿಲ ಸಂದಿಗೆ ಬೆರಳು ಸಿಕ್ಕವನ ದನಿ. ಅಳಿಯನಿಗೆ ಆಶ್ಚರ್ಯ. ಮಾತು ತನ್ನದೇ, ಆದರೆ ದನಿ? ಅವನ ದನಿ ವಾರ್ತೆ ಓದುವವರ ಹಾಗೆ ಗಂಭೀರ. ಹುಟ್ಟಿದಾಗಿನಿಂದ ಕೇಳುತ್ತಿದ್ದಾನೆ, ಅವನಿಗೆ ಗೊತ್ತಿಲ್ಲವೇ? ಕರವಸ್ತ್ರ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಅವನು ಅಂದುಕೊಂಡೇ ಇರಲಿಲ್ಲ. ಎದೆಯ ಭಾರ ಇಳಿದು, ಮಫ್ಲರ್ ಬಿಚ್ಚಿ ಎದ್ದು ನಿಂತ.

"ಮಾವ, ನಿಮ್ಮ ಹಬೆಗೆ ಗಂಟಲು ಬಿಡ್ತು ನೋಡಿ. ಈ ದನಿ ನಮ್ಮ ಕಟ್ಟಡದೋರದ್ದಲ್ಲ. ಯಾರೋ ಹೊರಗಿನೋರು."

ಅಕ್ಕ ಕಣ್ಣು ಬಿಟ್ಟರು. "ಯಂತ್ರ ಮತ್ತೆ ಹಾಕೋದು ಬೇಡ. ಹಾಕಿದ ಹಾಗೇ ಆಯ್ತು."

ತನ್ನ ದನಿ ಹೀಗಿಲ್ಲವೇ ಇಲ್ಲ ಎಂದು ಅವನು ಹೆಂಡತಿಯ ಕಡೆ ತಿರುಗಿದ. "ಮದುವೆ ಆದಾಗಿಂದ ಇದೇ ದನಿ ರೀ," ಅಂದಳು ಅವಳು, ತಲೆ ತಗ್ಗಿಸಿ. "ನೀವು ಬೇಜಾರು ಮಾಡ್ಕೋತೀರ ಅಂತ ಯಾರೂ ಹೇಳಿರಲಿಲ್ಲ."

ಮಾವನವರು ಎದ್ದು ಬಂದು ಅಳಿಯನ ಎರಡೂ ಕೈ ಹಿಡಿದುಕೊಂಡರು.

"ಅಳಿಯಂದಿರೇ, ಎಲ್ಲರೂ ಚೆನ್ನಾಗಿದೆ ಅಂದ್ರು. ನಿಜ ಹೇಳಿದ್ದು ನೀವೊಬ್ರೇ. ಇಂಥ ಕಿವಿ ನಂಗೆ ಬೇಕು. ನಾಳೆಯಿಂದ ಐದಕ್ಕೆ ಮೇಲೆ ಬಂದು ಎದುರಿಗೆ ಕೂತ್ಕೊಳ್ಳಿ, ತಪ್ಪಿದ ಕಡೆಯೆಲ್ಲ ನಿಲ್ಸಿ ಹೇಳಿ. ಒಂದೇ ಒಂದು ರಾಗ ಸರಿಯಾಗಿ ಬಂದ ದಿನ ಕಾರಿನ ಕಾಗದಕ್ಕೆ ಸಹಿ ಹಾಕ್ತೀನಿ."

ಹೆಂಡತಿಯ ಮುಖ ಅರಳಿತು. ಜನ ಚಪ್ಪಾಳೆ ತಟ್ಟಿ ಇಳಿದು ಹೋದರು. ಕೊನೆಯಲ್ಲಿ ಹೊರಟ ಅಕ್ಕ ಅಳಿಯನ ಪಕ್ಕ ನಿಂತು ಮೆಲ್ಲಗೆ ಹೇಳಿದರು:

"ಅವರು ಊದೋದನ್ನ ನಾನೂ ದಿನಾ ಕೇಳ್ತಿದೀನಿ ಕಣಪ್ಪ. ನೀನು ನಡೆಯೋದು ಕಲಿಸೋ ಶಾಲೆ ತೆಗಿ, ಕಾರು ಬೇಕಾಗಲ್ಲ."