ಹಿಪ್ಪೆ ತಿಂದು ಬೀಗರ ಮನೆ ನೋಡಿದ್ದು

ಏನೇನು ಆಗಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಕರುಳು ಗಂಟು ಬೀಳಬಹುದಿತ್ತು. ಹೊಟ್ಟೆಯೊಳಗೆ ರಕ್ತನಾಳ ಒಡೆಯಬಹುದಿತ್ತು. ದೇವದುರ್ಗದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಮರೆಗೆ ಒಂದು ಜಾಲಿ ಗಿಡವೂ ಸಿಗದೆ ಮಾನ ಹೋಗಬಹುದಿತ್ತು. ಮಗಳ ಸಂಬಂಧ ಮುರಿದು, ಅವಳು ಇನ್ನೆಂದೂ ನನ್ನ ಮುಖ ನೋಡದಿರಬಹುದಿತ್ತು. ಇಷ್ಟೂ ಒಂದೇ ದಿನದಲ್ಲಿ! ಯಾವುದೂ ಆಗಲಿಲ್ಲ. ಹಾಗೆಂದು ಏನೂ ಆಗಲಿಲ್ಲ ಎಂದರೆ ಅದೂ ಸುಳ್ಳು.

ನಾನು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರಿನ ಒತ್ತಡ ನೋಡುವವನು. ಮಾಪಕದ ಮುಳ್ಳು ಕೆಂಪು ಗೆರೆ ದಾಟೀತೇ ಎಂದು ಹೆದರುವುದಕ್ಕೇ ನನಗೆ ಸಂಬಳ. ಈ ಅಭ್ಯಾಸವನ್ನು ರಾಯಚೂರಿನ ಮನೆಗೂ ತಂದಿದ್ದೇನೆ. ಬೆಳಗ್ಗೆ ಹೊಟ್ಟೆ ಸರಿಯಾಗಿ ಖಾಲಿಯಾಗದಿದ್ದರೆ ಅದೇ ನನ್ನ ಕೊನೆಯ ದಿನ. ಇಂಥ ಕೊನೆಯ ದಿನಗಳು ಆಗಾಗ ಬರುತ್ತವೆ.

ಹೀಗಿರುವಾಗ ನಮ್ಮ ಓಣಿಯಲ್ಲಿ ಆರೋಗ್ಯ ಶಿಬಿರ ನಡೆಯಿತು. ನಮ್ಮ ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ವಾಸವಾಗಿವೆಯಂತೆ. ನಾರೇ ಅವುಗಳ ಊಟವಂತೆ. ನಾವು ತರಕಾರಿಯ ರಸ ಕುಡಿದು ಹಿಪ್ಪೆ ಚೆಲ್ಲುವುದರಿಂದ ಅವು ಉಪವಾಸ ಬೀಳುತ್ತವಂತೆ. ಇಷ್ಟು ವರ್ಷ ಕೋಟಿ ಜೀವಗಳನ್ನು ಉಪವಾಸ ಕೆಡವಿದ ಪಾಪಿ ನಾನು! ಡಾಕ್ಟರರು ಮುಂದೆಯೂ ಏನೋ ಹೇಳಿದರು. ಹೆದರುವ ಕೆಲಸದಲ್ಲಿ ಮಗ್ನನಾಗಿದ್ದರಿಂದ ನನಗೆ ಕೇಳಿಸಲಿಲ್ಲ.

ಮಾನ್ವಿಯಲ್ಲಿ ನನ್ನ ತಂಗಿ ನೀಲಮ್ಮನ ಗಂಡ ಜ್ಯೂಸಿನ ಅಂಗಡಿ ಇಟ್ಟಿದ್ದಾನೆ. ಗಜ್ಜರಿ, ಬೀಟ್‌ರೂಟ್ ಹಿಂಡಿದ ಮೇಲೆ ಉಳಿದ ಹಿಪ್ಪೆಯೆಲ್ಲ ಅವರ ಎಮ್ಮೆಗೆ. ಹೋಗಿ ಒಂದು ಚೀಲ ಕೇಳಿದೆ.

"ಅಣ್ಣಾ, ಎಮ್ಮಿ ಯಾವಾಗ ತಂದಿ?"

"ಎಮ್ಮಿಗಲ್ಲವ್ವಾ, ನನಗ. ತಿನ್ನಾಕ."

ನೀಲಮ್ಮ ನನ್ನನ್ನೊಮ್ಮೆ, ಎಮ್ಮೆಯನ್ನೊಮ್ಮೆ ನೋಡಿದಳು. "ತಿನ್ನು. ಆದ್ರ ಒಮ್ಮಿಗೇ ತಿನ್ನಬ್ಯಾಡ. ಇದಕೂ ಮೊದಲ ಒಂದೊಂದ ಹಿಡಿ ಹಾಕಿ ರೂಢಿ ಮಾಡಿಸಿ, ಆಮ್ಯಾಲ ಬುಟ್ಟಿ ಇಟ್ಟೀನಿ. ಹೊಟ್ಟಿ ಅಂದ್ರ ಹೊಸಾ ಸೊಸಿ ಇದ್ದಂಗ. ಬಂದ ದಿನಾನ ಎಲ್ಲಾ ಕೆಲಸ ಹಚ್ಚಿದ್ರ ತವರಮನಿಗೆ ಓಡ್ತಾಳ."

ಎಮ್ಮೆಯ ನಿಯಮ ಮನುಷ್ಯನಿಗೆ ಅನ್ವಯಿಸುವುದೆ! ನಕ್ಕು, ಇದ್ದಷ್ಟನ್ನೂ ತುಂಬಿಕೊಂಡು ಹೊರಟೆ. ಎಮ್ಮೆ ನನ್ನ ಚೀಲವನ್ನೇ ನೋಡುತ್ತಿತ್ತು.

ಸಂಜೆ ಹೆಂಡತಿ ಗಿರಿಜಾ ತಡೆದಳು. "ರೀ, ನಾಳಿಗೆ ಹುಡುಗನ ಮನಿ ನೋಡಾಕ ದೇವದುರ್ಗಕ್ಕ ಹೋಗೂದದ. ಇವತ್ತ ಇದು ಬ್ಯಾಡ್ರಿ."

ಮಗಳು ಶೈಲಾ ಕೂಡ ಮೆಲ್ಲಗೆ ಹೇಳಿದಳು. "ಅಪ್ಪಾ, ಹುಡುಗ ನನ್ನ ಮನಸಿಗೆ ಬಂದಾನ. ನೀ ಏನೂ ಕೆಡಿಸಬ್ಯಾಡಪ್ಪಾ."

"ಏ, ಇವತ್ತ ತಿಂದ್ರ ನಾಳಿಗೆ ಹೊಟ್ಟಿ ಹಗುರ, ತಲಿ ಹಗುರ!" ಎಂದೆ. ರೊಟ್ಟಿಯಲ್ಲಿ ಹಿಪ್ಪೆ, ಪಲ್ಯದಲ್ಲಿ ಹಿಪ್ಪೆ, ಮೇಲೆ ಮೊಸರಿನಲ್ಲಿ ಕಲಸಿದ ಹಿಪ್ಪೆ. ಕೋಟಿ ಜನರಿಗೆ ಅನ್ನದಾನ ಮಾಡಿದ ತೃಪ್ತಿಯಿಂದ ಮಲಗಿದೆ.

ಬೆಳಗ್ಗೆ ಹೊಟ್ಟೆ ಹಗುರಾಗಿರಲಿಲ್ಲ. ಡೋಲಾಗಿತ್ತು! ಒಳಗಿನ ಅತಿಥಿಗಳು ಉಂಡು, ಈಗ ಭಜನೆಗೆ ಕುಳಿತಿದ್ದರು. ಬಸ್ಸಿನಲ್ಲಿ ಪಕ್ಕದ ಮುದುಕ ಕಿಟಕಿಯಿಂದ ಇಣುಕಿ, "ಮ್ವಾಡ ಇಲ್ಲ, ಏನಿಲ್ಲ, ಎಲ್ಲಿ ಗುಡಗಾಕತ್ತದ?" ಎಂದ. ನಾನೂ ಆಕಾಶ ನೋಡಿದೆ.

ಬೀಗರಾಗಲಿದ್ದ ಶರಣಪ್ಪನವರು ಬಾಗಿಲಲ್ಲೇ ಕೈಮುಗಿದರು. "ಬರ್ರಿ, ಬರ್ರಿ. ಕುಂಡರ್ರಿ, ನೀರು ಕುಡೀರಿ."

"ಸಂಡಾಸ ಎಲ್ಲದರೀ?" ಎಂದೆ.

ಹೆಣ್ಣಿನ ಕಡೆಯವರು ಮನೆ ನೋಡಲು ಬಂದರೆ ಅಡುಗೆಮನೆ ನೋಡುತ್ತಾರೆ, ನೀರಿನ ಟಾಕಿ ನೋಡುತ್ತಾರೆ, ಹೊಲ ಎಷ್ಟಿದೆ ಎಂದು ಕೇಳುತ್ತಾರೆ. ನಾನು ನೀರಿನ ತಂಬಿಗೆಯನ್ನೂ ಮುಟ್ಟದೆ ಹಿತ್ತಲಿಗೆ ಓಡಿದೆ.

ಒಳಗೆ ಕೆಳಗೆ ನೋಡುತ್ತೇನೆ, ಕೆಂಪು! ಮುಳ್ಳು ಕೆಂಪು ಗೆರೆ ದಾಟಿಬಿಟ್ಟಿತ್ತು. ಮಗಳ ಮದುವೆ ನೋಡದೆ, ಬೀಗರ ಸಂಡಾಸಿನಲ್ಲಿ ನನ್ನ ಅಂತ್ಯ!

ಗೋಡೆ ಹಿಡಿದು ಹೊರಬಂದು ಕುಳಿತೆ. ಮತ್ತೆ ಎದ್ದು ಹೋದೆ. ಆಗಲೂ ಕೆಂಪು. ಬಂದೆ. ಮತ್ತೆ ಹೋದೆ. ಒಳಗಿಂದ ಬಂದ ಉಪ್ಪಿಟ್ಟು ಆರಿತು. ಹುಡುಗನ ಮುಖ ಬಾಡಿತು. ಶರಣಪ್ಪನವರು ಗಂಟಲು ಸರಿಪಡಿಸಿಕೊಂಡರು.

"ಬೀಗರ, ಖರೇ ಹೇಳ್ರಿ. ಮೂರು ಸಲ ನೋಡಿ ಬಂದ್ರಿ. ನಮ್ಮ ಸಂಡಾಸ ನಿಮ್ಮ ಮನಸಿಗೆ ಬರಲಿಲ್ಲೇನು? ಸಂಬಂಧ ಬ್ಯಾಡಂತೀರೇನು?"

ನನ್ನ ಕಣ್ಣಲ್ಲಿ ನೀರು ಬಂತು. ಗಿರಿಜಾ ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಏನ್ರೀ ಇದು? ಮಗಳ ಬಾಳು ಹಾಳು ಮಾಡಾಕ ಬಂದೀರೇನು?"

"ಗಿರಿಜಾ, ರಕ್ತ ಹೊಂಟದ. ನನ್ನ ಕಥಿ ಮುಗೀತು. ಶೈಲಾನ್ನ ಚೊಲೋ ನೋಡ್ಕೋ."

"ನಿನ್ನೆ ತಿಂದದ್ದೇನು?"

"ಬೀಟ್‌ರೂಟ್ ಹಿಪ್ಪಿ."

"ಮತ್ತ ಹಸರು ಬರ್ತದೇನ್ರೀ!"

ಹೋದ ಜೀವ ಮತ್ತೆ ಬಂತು. ಆದರೆ ಒಳಗೆ ಕಾದು ಕುಳಿತವರಿಗೆ ಏನು ಹೇಳುವುದು? ತಲೆ ತಗ್ಗಿಸಿ ಹೋದೆ. ಅಷ್ಟರಲ್ಲಿ ಹುಡುಗನ ಅಜ್ಜಿ ತೀರ್ಪು ಕೊಟ್ಟಾಗಿತ್ತು.

"ಹೆಣ್ಣು ಹೆತ್ತಪ್ಪ ಅಂದ್ರ ಹಿಂಗಿರಬೇಕು ನೋಡು! ನಮ್ಮಪ್ಪ ಬರೇ ದನಾ ಎಣಿಸಿ ನನ್ನ ಕೊಟ್ಟ. ಮಳ್ಯಾಗ ಹಿತ್ತಲಕ್ಕ ಓಡೂ ಸಂಕಟ ಅವಂಗೇನು ಗೊತ್ತು? ಈ ಯಪ್ಪ ಮಗಳ ಸಲುವಾಗಿ ಮೂರು ಸಲ ನೋಡಿ ಕಣ್ಣೀರು ಹಾಕ್ಯಾನ. ಲೇ ಶರಣಾ, ಲಗ್ನಕ್ಕಿಂತ ಮೊದಲ ಮನಿಯೊಳಗ ಸಂಡಾಸ ಕಟ್ಟಸು!"

"ಕಟ್ಟಸ್ತೀನಿ ಬೇ. ಬೀಗರು ಹೂಂ ಅಂದ್ರ ಸಾಕು."

ನಾನು ಗಂಭೀರವಾಗಿ, "ಮಗಳ ಅನುಕೂಲಕ್ಕಿಂತ ದೊಡ್ಡದು ನನಗೇನದರೀ?" ಎಂದೆ. ಗಿರಿಜಾ ಸೆರಗನ್ನು ಬಾಯಿಗಿಟ್ಟುಕೊಂಡಳು. ಎಲ್ಲರಿಗೂ ಸಕ್ಕರೆ ಹಂಚಿದರು. ಹೊಟ್ಟೆ ಮತ್ತೊಮ್ಮೆ ಗುಡುಗಿತು, ಆದರೆ ಸಂಭ್ರಮದ ಗದ್ದಲದಲ್ಲಿ ಕೇಳಿಸಲಿಲ್ಲ.

ವಾಪಸು ಬರುವಾಗ ನೀಲಮ್ಮನ ಫೋನು ಬಂತು. "ಅಣ್ಣಾ, ಹಿಪ್ಪಿ ಎಲ್ಲಾ ನೀ ಒಯ್ದಿ. ಎಮ್ಮಿಗೆ ಬರೇ ಒಣಾ ಜ್ವಾಳದ ಕಣಿಕಿ ಹಾಕೀನಿ. ಒಮ್ಮಿಗೇ ಮೇವು ಬದಲಾತಲ್ಲ, ಹೊಟ್ಟಿ ಕೆಡಿಸ್ಕೊಂಡು ನಿಂತದ. ಹಾಲು ಕೊಡವಲ್ದು."

ಮರುದಿನ ಉಳಿದ ಹಿಪ್ಪೆಯನ್ನು ಹೊತ್ತು ಮಾನ್ವಿಗೆ ಹೋದೆ. ಪ್ರಾಯಶ್ಚಿತ್ತವಾಗಿ ಚೀಲವನ್ನೇ ಎಮ್ಮೆಯ ಮುಂದೆ ಸುರಿದೆ. ಅದು ಒಂದು ಹಿಡಿಯಷ್ಟು ತಿಂದು, ಸಾಕೆಂದು ಮುಖ ತಿರುಗಿಸಿತು.

ನೀಲಮ್ಮ ನನಗೆ ಕರಿ ಚಹಾ ತಂದಿಟ್ಟಳು. ಹಾಲಿರಲಿಲ್ಲ. ಆದದ್ದು ಅಷ್ಟೇ.