ಐವತ್ತನೆಯ ಅರ್ಜಿ

ಸಾಹೇಬರು ಬೆಳಗ್ಗೆ ಕೊಟ್ಟ ಒಂದು ಮಾತೇ ಎಲ್ಲ ಅವಾಂತರಕ್ಕೂ ಮೂಲ. "ಗುಮಾಸ್ತರೇ, ಸಂಜೆ ಐದರೊಳಗೆ ಆನ್‌ಲೈನಲ್ಲಿ ಐವತ್ತು ಅರ್ಜಿ ಬಂದು, ಐವತ್ತೂ ವಿಲೇವಾರಿ ಆಗ್ಬೇಕು. ಹಾಗಾದ್ರೆ ನೀವು ಕೇಳಿದ ವರ್ಗಾವಣೆಗೆ ಇವತ್ತೇ ಸಹಿ!"

ವರ್ಗಾವಣೆ ಎಂದದ್ದೇ ತಡ, ಗುಮಾಸ್ತ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿಬಿಟ್ಟ. ಹೆಂಡತಿ ಟೀಚರು, ಕೆಲಸ ಏಳು ತಾಸು ಬಸ್ಸಿನ ದಾರಿಯಾಚೆಯ ಊರಲ್ಲಿ. ಮೂರು ವರ್ಷದಿಂದ ಇವನು ಇಲ್ಲಿ ತಾನೇ ಸೀಯಿಸಿದ ಅನ್ನ ತಿಂದುಕೊಂಡು, ಫೋನಿನಲ್ಲಿ ಅವಳ ಜೊತೆ ಜಗಳವಾಡಿಕೊಂಡು ದಿನ ದೂಡುತ್ತಿದ್ದ. ಎದುರೆದುರು ಕೂತು ಜಗಳವಾಡುವ ಸುಖವೇ ಬೇರೆ, ಅಲ್ಲವೇ?

ಅವನದ್ದು ಎಲ್ಲ ಊರಿನ ಮೇಷ್ಟರು, ಟೀಚರುಗಳ ರಜೆಯಿಂದ ವರ್ಗಾವಣೆವರೆಗಿನ ಅರ್ಜಿ ನೋಡುವ ಕಚೇರಿ. ಹೊರಗೆ ಸಾಲು ಬಾಗಿಲು ದಾಟಿತ್ತು. ಆದರೆ ಆನ್‌ಲೈನ್ ಎಂದರೆ ಒಬ್ಬರಿಗೂ ನಂಬಿಕೆಯಿಲ್ಲ. ಮೊದಲು ಬಂದ ಹೆಡ್‌ಮೇಷ್ಟರ ಮೊಬೈಲಿನಲ್ಲೇ ಅರ್ಜಿ ತುಂಬಿ ಕಳಿಸಿದ ಗುಮಾಸ್ತ, "ಆಯ್ತು ಸಾರ್, ಹೊರಡಿ" ಎಂದ.

"ಆಯ್ತಾ? ಸೀಲೆಲ್ಲಿ?"

"ಆನ್‌ಲೈನಲ್ಲಿ ಸೀಲಿರಲ್ಲ ಸಾರ್."

"ಮೂವತ್ತೈದು ವರ್ಷ ಪಾಠ ಮಾಡಿದೀನಿ ಕಣಯ್ಯ, ನನ್ನ ಕಿವಿಗೇ ಹೂವಿಡ್ತೀಯಾ? ಸೀಲಿಲ್ದೆ ಇಲ್ಲಿಂದ ಕದಲಲ್ಲ!"

ಸಾಲಿನವರೆಲ್ಲ "ಹೌದ್ಹೌದು, ಸೀಲು ಬೇಕೇ ಬೇಕು" ಎಂದು ದನಿಗೂಡಿಸಿದರು. ಪಕ್ಕದ ಮೇಜಿನ ಟೈಪಿಸ್ಟಕ್ಕ ಸುಮ್ಮನಿರಬೇಕಲ್ಲ! "ಆ ಮೊಬೈಲಿನ ಬೆನ್ನಿಗೇ ಒಂದು ಗುದ್ದಿಬಿಡೋ ತಮ್ಮಾ" ಎಂದಳು. ತಲೆ ಕೆಟ್ಟಿದ್ದ ಗುಮಾಸ್ತ ಧಡ್ ಎಂದು ಗುದ್ದಿಯೇಬಿಟ್ಟ. ನೇರಳೆ ಬಣ್ಣದ ದುಂಡು ಸೀಲು ಕಂಡದ್ದೇ ಹೆಡ್‌ಮೇಷ್ಟರು, "ಹಾಂ, ಇದಪ್ಪಾ ಸರ್ಕಾರಿ ಕೆಲಸ!" ಎಂದು ಹೊಸ ಮದುಮಗನ ಹಾಗೆ ಎದೆಯುಬ್ಬಿಸಿ ಹೊರಟರು.

ಆಮೇಲೆ ಕೇಳಬೇಕೆ! ಎಲ್ಲರೂ ಮೊಬೈಲು ಬೋರಲು ಹಿಡಿದು ನುಗ್ಗಿದರು. ಒಬ್ಬರು ಗಾಜಿನ ಮೇಲೇ ಹಾಕಿಸಿಕೊಂಡರು. ಮೊಬೈಲೇ ಇಲ್ಲದ ಡ್ರಿಲ್ ಮೇಷ್ಟರು ಕಚೇರಿಯ ಕಂಪ್ಯೂಟರಿನಲ್ಲಿ ಅರ್ಜಿ ಹಾಕಿಸಿ, ಸೀಲಿಗೆ ಅಂಗೈ ಚಾಚಿದರು. ಗುಮಾಸ್ತ ಒಂದು ಕೈಯಲ್ಲಿ ಸೀಲು ಗುದ್ದುತ್ತ, ಇನ್ನೊಂದರಲ್ಲಿ ‘ಒಪ್ಪಿದೆ’ ಒತ್ತುತ್ತ, ಮೂಗಿಗೂ ಮಸಿ ಬಳಿದುಕೊಂಡ.

ಐದಕ್ಕೆ ಆರು ನಿಮಿಷ. ನಲವತ್ತೊಂಬತ್ತು! ಸಾಲು ನೋಡಿದರೆ ಖಾಲಿ. ಗುಮಾಸ್ತನಿಗೆ ಅಳುವೇ ಬಂತು.

"ನಿನ್ನ ಹೆಂಡ್ತಿ ಟೀಚರಲ್ವೇನೋ? ಅವಳ ಕೈಲಿ ಒಂದು ಹಾಕ್ಸು!" ಎಂದಳು ಟೈಪಿಸ್ಟಕ್ಕ.

ಗುಮಾಸ್ತ ಫೋನು ಹಚ್ಚಿದ. "ಲೇ, ಈಗಿಂದೀಗ್ಲೇ ಆನ್‌ಲೈನಲ್ಲಿ ಒಂದು ಅರ್ಜಿ ಹಾಕೇ!"

"ಯಾವ ಅರ್ಜಿ ರೀ?"

"ಯಾವ್ದಾದ್ರೂ ಸರಿ, ಹಾಕು ಮಹರಾಯ್ತಿ!"

ಐದಕ್ಕೆ ಒಂದು ನಿಮಿಷವಿದ್ದಾಗ ಅರ್ಜಿ ಬಂತು. ಓದುವ ವ್ಯವಧಾನ ಯಾರಿಗಿತ್ತು? ‘ಒಪ್ಪಿದೆ’ ಒತ್ತಿದ. ಐವತ್ತು! ಸಾಹೇಬರು ಮಾತಿಗೆ ತಪ್ಪುವವರಲ್ಲ. ನಗುನಗುತ್ತ ಸಹಿ ಹಾಕಿ, "ನಾಳೆಯೇ ನಿಮ್ಮ ಮನೆಯವ್ರ ಊರಲ್ಲಿ ಹಾಜರಾಗಿ. ಇಲ್ಲಿ ನಿಮ್ಮ ಜಾಗಕ್ಕೆ ಬೇರೆಯವ್ರನ್ನ ಹಾಕಾಯ್ತು" ಎಂದರು.

ಆದೇಶ ಹಿಡಿದು ಕುಣಿಯುತ್ತ ಹೊರಬರುವಷ್ಟರಲ್ಲಿ ಹೆಂಡತಿಯ ಫೋನು.

"ರೀ, ನಿಮ್ಮ ಆನ್‌ಲೈನಿಗೆ ದೊಡ್ಡ ನಮಸ್ಕಾರ ಕಣ್ರೀ! ಹಾಕಿದ್ದೇ ತಡ, ಆರ್ಡರ್ ಬಂದೇಬಿಡ್ತು! ಒಪ್ಪಿದವ್ರು ಅನ್ನೋ ಕಡೆ ನಿಮ್ಮ ಹೆಸ್ರೇ ಇದೆ!"

"ಯಾವ ಆರ್ಡರ್ ಕಣೇ?"

"ನನ್ನ ವರ್ಗಾವಣೇದು ರೀ, ನಿಮ್ಮೂರಿಗೇ! ಈ ಮನೆ ಬಿಡ್ತೀನಿ ಅಂತ ಓನರ್‌ಗೂ ಹೇಳ್ಬಿಟ್ಟೆ. ನಾಳೆ ಬೆಳಗ್ಗೆ ಬಸ್‌ಸ್ಟ್ಯಾಂಡಿಗೆ ಬನ್ರೀ, ಸಾಮಾನು ತುಂಬಾ ಇದೆ!"